ಕೆಮ್ಮಣ್ಣನ ಮೊದಲ ಸಂಚಿಕೆ

೧೯೮೪ರ ಸಂಕ್ರಾಂತಿ ಕಳೆದು ಕೆಲವೇ ದಿನಗಳಾಗಿದ್ದವು. ಬೆಳಗಾವಿಯ ಶಹಾಪುರದ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದ ಗುರುಪುತ್ರಪ್ಪ, ಅಪ್ಪ ದುಂಡಪ್ಪನ ತಾಟಿಗೆ ಎರಡನೆಯ ರೊಟ್ಟಿ ಬೀಳುವವರೆಗೂ ಕಾದು, ಮಾತು ತೆಗೆದ.

“ಅಪ್ಪಾ, ನಾ ಒಂದು ಪುಸ್ತಕ ತಗೀಬೇಕಂತ ಮಾಡೇನಿ.”

“ಪಂಚಾಂಗ?”

“ಅಲ್ಲ, ಚಿತ್ರದ ಪುಸ್ತಕ. ಹುಡುಗೂರು ಓದೂವಂಥಾದ್ದು. ಒಬ್ಬ ವೀರ ಇರ್ತಾನ, ಕಳ್ಳಕಾಕರನ್ನ ಹಿಡೀತಾನ. ತಿಂಗಳಿಗೊಂದು ಸಂಚಿಕಿ.”

ದುಂಡಪ್ಪ ಪುಂಡಿಪಲ್ಯವನ್ನು ರೊಟ್ಟಿಗೆ ಹಚ್ಚಿಕೊಂಡ. “ಅಂಥಾವು ಇಂಗ್ಲೀಷಿನ್ಯಾಗ ಬರ್ತಾವ, ಹಿಂದ್ಯಾಗ ಬರ್ತಾವ. ಕನ್ನಡದ್ದು ಯಾರ ತಗೋತಾರ?”

“ನಮ್ಮ ಸೀಮ್ಯಾಂವ ಅಂದ್ರ ತಗೋತಾರ. ಅಂವ ಖಾನಾಪುರದ ಹುಡುಗ. ಹಂಚಿನ ಭಟ್ಟ್ಯಾಗ ಬೀಳ್ತಾನ. ಸಾಯೂದಿಲ್ಲ. ಮೈಯೆಲ್ಲ ಕೆಂಪಗ, ಸುಟ್ಟ ಹಂಚಿನಂಗ ಗಟ್ಟಿಯಾಗಿ ಹೊರಗ ಬರ್ತಾನ. ಗುಂಡು ಹೊಡದ್ರ ಠಣ್ ಅಂತೈತಿ. ಹೆಸರು ಕೆಮ್ಮಣ್ಣ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಕಾಂತಾ ನಕ್ಕಳು. ಅತ್ತೆ ಚಂದ್ರವ್ವ ತಟ್ಟನೆ ಅವಳ ಕಡೆ ತಿರುಗಿದಳು.

“ನಿನಗ ಮೊದಲ ಗೊತ್ತಿತ್ತೇನ?”

“ಹೂಂರಿ ಅತ್ತಿ. ಹೆಸರು ನಾನ ಇಟ್ಟದ್ದು.”

ಚಂದ್ರವ್ವನಿಗೆ ಇದು ಹಿಡಿಸಲಿಲ್ಲ. ಮಗ ಏನು ಮಾಡಬೇಕೆಂದಿದ್ದಾನೆ ಎಂಬುದು ಹೆತ್ತವರಿಗಿಂತ ಮೊದಲು ಖಾನಾಪುರದಿಂದ ಬಂದ ಹುಡುಗಿಗೆ ಗೊತ್ತಾಗಿತ್ತು. ಗೊತ್ತಾದದ್ದಷ್ಟೇ ಅಲ್ಲ, ಅವಳು ಹೆಸರನ್ನೂ ಇಟ್ಟು ಮುಗಿಸಿದ್ದಳು.

“ನಮ್ಮ ಪ್ರೆಸ್ಸಿನ್ಯಾಗ ಲಗ್ನಪತ್ರಿಕಿ ಯಾರ ಅಚ್ಚ ಹಾಕಬೇಕು?” ದುಂಡಪ್ಪ ಕೇಳಿದ.

“ಅವೂ ನಡೀತಾವಲ್ಲಪ್ಪ. ಆದ್ರ ಈ ಟ್ರೆಡಲ್ ಮಶೀನ ಕಟಗೊಂಡು ಇನ್ನ ಎಷ್ಟ ದಿನ? ಕೊಲ್ಹಾಪುರದಾಗ ಎಲ್ಲಾ ಆಫ್‌ಸೆಟ್ ಆಗೇತಿ. ನಮ್ಮ ಪುಸ್ತಕ ಅಲ್ಲೇ ಹಾಕಸ್ತೇನಿ. ಛಲೋ ನಡೀತಂದ್ರ ಮುಂದ ಈ ಮಶೀನ ಮಾರಿ ಬಿಡೂಣು.”

ದುಂಡಪ್ಪ ಮಜ್ಜಿಗೆ ಕುಡಿದು, ಕೈ ತೊಳೆದು, ಮನೆಯ ಮುಂಭಾಗದ ಪ್ರೆಸ್ಸಿಗೆ ಹೋಗಿ ಮಶೀನಿಗೆ ಎಣ್ಣೆ ಬಿಡುತ್ತ ನಿಂತ. ಕಾಲಿನಿಂದ ತುಳಿದು ನಡೆಸುವ ಆ ಅಚ್ಚಿನ ಮಶೀನನ್ನು ಅವನು ತರುಣನಿದ್ದಾಗ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ತಂದಿದ್ದ. ಸುತ್ತಲ ಊರುಗಳ ಅರ್ಧ ಜನರ ಲಗ್ನದ ಕಾರ್ಡು, ಕನ್ನಡದ್ದು ಮರಾಠಿಯದ್ದು ಎರಡೂ, ಅದರ ಮೇಲೆಯೇ ಅಚ್ಚಾಗಿದ್ದವು.

ಪುಸ್ತಕದ ಕೆಲಸ ಶುರುವಾಯಿತು. ಚಿತ್ರ ಬರೆಯುವವನು ಬಿಂದುಮಾಧವ, ಖಾನಾಪುರದ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಪಡಸಾಲೆಯಲ್ಲಿ ಹಾಳೆ ಹರಡಿಕೊಂಡು ಕೂತರೆ ಸಂಜೆಯ ಬಸ್ಸಿಗೇ ಏಳುತ್ತಿದ್ದ. ಮೊದಲ ಕಥೆಯಲ್ಲಿ ಗುಂಜಿಯ ಅಡವಿಯ ಸಾಗವಾನಿ ಕಳ್ಳರು ಬರುತ್ತಾರೆ ಎಂದು ಗುರುಪುತ್ರಪ್ಪ ಬರೆದಿದ್ದ. ಬಿಂದುಮಾಧವ ಗುಂಜಿಯ ರೈಲು ನಿಲ್ದಾಣಕ್ಕೆ ಹೋಗಿ, ಕಲ್ಲಿನ ಬೆಂಚಿನ ಮೇಲೆ ಕೂತು, ಗೂಡ್ಸ್ ಗಾಡಿಯ ಡಬ್ಬಿಗಳನ್ನೂ ಹಿಂದಿನ ಮರಗಳನ್ನೂ ಬರೆದುಕೊಂಡು ಬಂದ.

“ಖರೇ ಹೇಳ್ತೇನಿ,” ಎಂದ ಅವನು. “ಸ್ಟೇಶನ್ ಮಾಸ್ತರ ನನ್ನನ್ನ ಕಳ್ಳ ಅಂತ ತಿಳಕೊಂಡಿದ್ದಾ. ಡಬ್ಬಿ ಯಾಕ ಎಣಸ್ಲಿಕ್ಕೆ ಹತ್ತೀರಿ ಅಂದ. ಚಿತ್ರ ತೋರಿಸಿದ ಮ್ಯಾಲೆ ಚಹಾ ಕೊಟ್ಟಾ.”

ಪಾತ್ರಗಳ ಮಾತುಗಳನ್ನು ಚಿತ್ರದೊಳಗೆ ಬರೆಯುವ ಕೆಲಸ ಕಾಂತಾಳದ್ದು. ಅವಳ ಅಕ್ಷರ ಅಚ್ಚಿನ ಮೊಳೆಯಂತೆ ಒಂದೇ ಅಳತೆಗೆ ಬೀಳುತ್ತಿತ್ತು. ಮಧ್ಯಾಹ್ನ ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಂಡು ಅವಳು ಶಾಯಿಯ ಬಾಟಲಿ ತೆರೆದರೆ ಚಂದ್ರವ್ವ ಹೊರಗಿನಿಂದ ಕೂಗುತ್ತಿದ್ದಳು.

“ಮೆಣಸಿನಕಾಯಿ ಒಣಗಾವು, ಯಾರ ತುಂಬೋರು?”

“ಬಂದೆ ಅತ್ತಿ, ಒಂದು ಸಾಲು.”

“ಒಂದ ಸಾಲು ಒಂದ ಸಾಲು ಅಂತ ಮನ್ನಿ ಬ್ಯಾಳಿ ಹೊತ್ತಿತ್ತು.”

“ಹೊತ್ತಿದ್ದನ್ನ ನಾನ ಉಂಡ್ನಲ್ರಿ.”

ದುಂಡಪ್ಪ ಪಡಸಾಲೆ ದಾಟುವಾಗ ಹಾಳೆಗಳ ಮೇಲೆ ಕಣ್ಣಾಡಿಸಿ ಹೋಗುತ್ತಿದ್ದ. ಒಂದು ಸಲ ನಿಂತು, “ಈ ಕಳ್ಳ ಮುಂದ ಏನಾಗ್ತಾನ?” ಎಂದು ಕೇಳಿದ್ದೂ ಉಂಟು. ಅಪ್ಪನಿಗೂ ರುಚಿ ಹತ್ತಿತು ಎಂದು ಗುರುಪುತ್ರಪ್ಪ ಸಂತೋಷದಿಂದ ಕಥೆಯನ್ನೆಲ್ಲ ಹೇಳಿದ. ಎಪ್ರಿಲ್‌ನಲ್ಲಿ ಸಾಲೆಗೆ ಸೂಟಿ ಬಿದ್ದ ಕೂಡಲೇ ಪುಸ್ತಕ ಹೊರಡಿಸುವುದೆಂದು ನಿಶ್ಚಯವಾಯಿತು.

ಮಾರ್ಚ್ ತಿಂಗಳ ಒಂದು ಸಂಜೆ ಗುರುಪುತ್ರಪ್ಪ ಮನೆಗೆ ಬಂದವನೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದ. ಕೈಯಲ್ಲಿ ತೆಳುವಾದ ಬಣ್ಣದ ಪುಸ್ತಕವಿತ್ತು. ಅದನ್ನು ಕಾಂತಾಳ ಮುಂದೆ ಒಗೆದ.

“ನೋಡು. ಬಸ್‌ಸ್ಟ್ಯಾಂಡಿನ ಅಂಗಡ್ಯಾಗ ತೂಗಹಾಕ್ಯಾರ.”

ಮುಖಪುಟದ ಮೇಲೆ ‘ಇಟ್ಟಂಗಿವೀರ’ ಎಂಬ ಹೆಸರಿತ್ತು. ಇಟ್ಟಿಗೆಯ ಬಣ್ಣದ ಮೈಯ ತರುಣನೊಬ್ಬ ಎದೆಗೆ ಬಂದ ಗುಂಡನ್ನು ಸಿಡಿಸುತ್ತ ನಿಂತಿದ್ದ. ಕಾಂತಾ ಪುಟ ತಿರುವಿದಳು. ಹುಡುಗ ಹಂಚಿನ ಬದಲು ಇಟ್ಟಿಗೆಯ ಭಟ್ಟಿಯಲ್ಲಿ ಬಿದ್ದಿದ್ದ. ಊರಿನ ಹೆಸರು ಬೇರೆ. ಆದರೆ ಅಡವಿ ಅದೇ, ಸಾಗವಾನಿ ಕಳ್ಳರು ಅವರೇ, ಗೂಡ್ಸ್ ಡಬ್ಬಿಯೊಳಗೆ ಅಡಗಿ ಕೂತು ಹಿಡಿಯುವ ಯುಕ್ತಿಯೂ ಅದೇ. ಕಳ್ಳರ ಮುಖಂಡ ಕೊನೆಗೆ ಆಡುವ ಮಾತಂತೂ ಕಾಂತಾ ತನ್ನ ಕೈಯಾರೆ ಬರೆದದ್ದು.

“ಯಾರ ಹಾಕಿದ್ದು ಇದು?” ಚಂದ್ರವ್ವ ಕೇಳಿದಳು.

“ಚನ್ನಬಸಯ್ಯ ಕಾಕಾ.”

ಚನ್ನಬಸಯ್ಯ ಪೇಟೆಯ ದೊಡ್ಡ ಪ್ರೆಸ್ಸಿನ ಮಾಲೀಕ, ದುಂಡಪ್ಪನ ಚಿಕ್ಕಂದಿನ ಗೆಳೆಯ. ಸೋಮವಾರ ಇಬ್ಬರೂ ಕೂಡಿಯೇ ಮಠಕ್ಕೆ ಹೋಗುವವರು. ಪುಸ್ತಕ ನೋಡಿದ ದುಂಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಕೇಳ್ರಿ ಅವರನ್ನ! ನಿಮ್ಮ ದೋಸ್ತರಲ್ಲ!” ಎಂದಳು ಚಂದ್ರವ್ವ.

“ವ್ಯಾಪಾರದಾಗ ಏನ ಕೇಳೂದು? ಆತು, ಬಿಟ್ಟಬಿಡಪಾ ಗುರು. ಮುಂದ ಲಗ್ನದ ಸುಗ್ಗಿ ಐತಿ, ಕೆಲಸ ಬಾಳ ಬಂದೈತಿ.”

ಗುರುಪುತ್ರಪ್ಪ ಬಿಡಲಿಲ್ಲ. ರವಿವಾರ ಬಂದ ಬಿಂದುಮಾಧವನನ್ನು ಪಡಸಾಲೆಯಲ್ಲಿ ನಿಲ್ಲಿಸಿಯೇ ಕೇಳಿದ. “ಮಾಸ್ತರ, ಚಿತ್ರ ಯಾರಿಗೆರೆ ತೋರ್ಸಿದ್ರೇನು?”

ಬಿಂದುಮಾಧವ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದ. “ಗೂಡ್ಸ್ ಡಬ್ಬಿ ಹೆಂಗ ತಗದಾರ ನೋಡ್ರಿ, ಬಾಗಲಾ ಉಲ್ಟಾ ಅದ. ನಾ ಕೊಟ್ಟಿದ್ರ ಇಷ್ಟು ಕೆಟ್ಟ ತಗೀತಿದ್ರೇನು? ಆದರೂ ನನ್ನ ಮ್ಯಾಲೆ ಸಂಶಯ ಇದ್ರ ಹೇಳಿಬಿಡ್ರಿ. ಇವತ್ತಿಂದ ಬರೂದಿಲ್ಲ.”

ಗುರುಪುತ್ರಪ್ಪ ತಲೆ ತಗ್ಗಿಸಿದ. ಮಾಸ್ತರನ ಮುಖ ನೋಡಿದರೆ ಸಂಶಯಪಡಲು ಆಗುತ್ತಿರಲಿಲ್ಲ. ಹಾಗಾದರೆ ಮತ್ಯಾರು? ಊಟಕ್ಕೆ ಕುಳಿತಾಗ ಅದೇ ಪ್ರಶ್ನೆ ಮತ್ತೆ ಬಂತು.

“ಮನಿ ಮಾತು ಹೊರಗ ಹೋಗೇತಿ ಅಂದ್ರ ಮನ್ಯಾಗಿನವ್ರ ಒಯ್ದಿರಬೇಕು,” ಎಂದ ದುಂಡಪ್ಪ, ತಾಟಿನಿಂದ ಕಣ್ಣೆತ್ತದೆ.

ಚಂದ್ರವ್ವ ಸೌಟು ಕೆಳಗಿಟ್ಟು ಸೊಸೆಯ ಕಡೆ ತಿರುಗಿದಳು. “ಕಾಂತಾ, ನಿಮ್ಮಣ್ಣ ಮೈಲಾರಲಿಂಗ ಕೆಲಸಾ ಮಾಡೂದು ಎಲ್ಲೆ?”

ಎಲ್ಲರಿಗೂ ಗೊತ್ತಿದ್ದದ್ದೇ. ಕಾಂತಾಳ ಅಣ್ಣ ಚನ್ನಬಸಯ್ಯನ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ. ವಾರಕ್ಕೊಮ್ಮೆ ಬಂದು ತಂಗಿಯ ಕೈಯ ಚಹಾ ಕುಡಿದು ಹೋಗುತ್ತಿದ್ದ.

“ಅದಕ್ಕೇನೀಗ ಅತ್ತಿ?” ಕಾಂತಾ ಮೆಲ್ಲಗೆ ಕೇಳಿದಳು.

“ಹೋದ ತಿಂಗಳ ಬಂದಾಗ ಇಬ್ಬರೂ ಹಿತ್ತಲದಾಗ ನಿಂತು ಗುಸುಗುಸು ಮಾತಾಡಿದ್ರಲ್ಲ, ಏನದು?”

“ಅಪ್ಪಗ ದಮ್ಮು ಹೆಚ್ಚಾಗೇತಿ ಅಂತ ಹೇಳಾಕ ಬಂದಿದ್ದ.”

“ಅದನ್ನ ಹಿತ್ತಲದಾಗ ಯಾಕ ಹೇಳಬೇಕು?”

“ನಿಮ್ಮ ಮುಂದ ಹೇಳಿದ್ರ, ತವರಮನಿಗೆ ಹೋಗಾಕ ನೆವ ಹುಡಕ್ಯಾಳ ಅಂತಿದ್ರಿ.”

ಮರುದಿನ ಗುರುಪುತ್ರಪ್ಪ ಮೈಲಾರಲಿಂಗನನ್ನು ದಾರಿಯಲ್ಲಿ ಹಿಡಿದು ಕೇಳಿದ. ಮೈಲಾರಲಿಂಗ ಬೆಪ್ಪಾಗಿ ನಿಂತ. “ಭಾವಾರ, ಅಚ್ಚಾದ ಫಾರ್ಮು ಮಡಚಾಕ ಬಂದಾಗ ನೋಡಿದೆ. ಕಾಂತಾ ಹೇಳಿದ ಕಥೀನ ಐತಲ್ಲ ಅನ್ನಿಸ್ತು. ನೀವ ನಮ್ಮ ಮಾಲಕರಿಗೆ ಕೊಟ್ಟಿರಬೇಕಂತ ತಿಳಕೊಂಡೆ.”

‘ಕಾಂತಾ ಹೇಳಿದ ಕಥೆ.’ ಗುರುಪುತ್ರಪ್ಪನ ತಲೆಯಲ್ಲಿ ಅಷ್ಟೇ ಮಾತು ಉಳಿಯಿತು. ಮನೆಗೆ ಬಂದು ನೋಡಿದರೆ, ಚಂದ್ರವ್ವ ಕೋಣೆಯ ನೆಲದ ಮೇಲೆ ಕೂತು ಕಾಂತಾಳ ಟ್ರಂಕಿನ ಬಾಯಿ ತೆರೆದಿದ್ದಳು. ಸೀರೆ, ಕುಪ್ಪಸ, ಮುಂದೆ ಎಂದಾದರೂ ಬಾಣಂತಿತನಕ್ಕೆ ಬೇಕಾದೀತೆಂದು ತಾಯಿ ಕೊಟ್ಟಿದ್ದ ಮೆತ್ತನೆಯ ಹಳೆಯ ಧೋತರ, ಎಲ್ಲ ಹೊರಗೆ ಬಿದ್ದಿದ್ದವು. ಕಾಂತಾ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ.

“ಏನ ಸಿಕ್ತ್ರಿ ಅತ್ತಿ?”

“ಸಿಗೂವಂಗ ಇಡತಿಯೇನ ನೀ?”

ಕಾಂತಾ ಗಂಡನ ಕಡೆ ತಿರುಗಿದಳು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನೂ ಕೇಳಿಯೇ ಬಿಟ್ಟ.

“ಖರೇ ಹೇಳು ಕಾಂತಾ. ನಿಮ್ಮಣ್ಣಗ ಕಥಿ ಹೇಳಿದ್ದಿಲ್ಲೇನು?”

“ಹೇಳಿದ್ದೆ. ನನ್ನ ಗಂಡ ಇಂಥಾ ಪುಸ್ತಕ ಮಾಡಾಕತ್ತಾನ ಅಂತ ಹೆಮ್ಮಿಲೆ ಹೇಳಿದ್ದೆ. ಚಿತ್ರ ಕೊಟ್ಟಿಲ್ಲ. ಮಾರಿಲ್ಲ. ನನ್ನ ಮಾತ ನಂಬ್ತೀರಿಲ್ಲೋ?”

ಗುರುಪುತ್ರಪ್ಪ ನೆಲದ ಮೇಲೆ ಬಿದ್ದ ಸೀರೆಗಳ ಕಡೆ ಕಣ್ಣು ಹೊರಳಿಸಿದ. ಪಡಸಾಲೆಯಲ್ಲಿ ದುಂಡಪ್ಪ ಕೆಮ್ಮಿದ ಸದ್ದು ಕೇಳಿತು. ಅವನು ಎದ್ದು ಒಳಗೆ ಬರಲಿಲ್ಲ.

ಕಾಂತಾ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಟ್ರಂಕಿಗೆ ತುಂಬಿದಳು. ಯಾರೂ ತಡೆಯಲಿಲ್ಲ. ಮಧ್ಯಾಹ್ನದ ಖಾನಾಪುರ ಬಸ್ಸಿಗೆ ಅವಳು ಒಬ್ಬಳೇ ಹೋದಳು. ತವರಿನಲ್ಲಿ ಕೇಳಿದವರಿಗೆ, ಅಪ್ಪನ ದಮ್ಮಿಗೆ ಆರೈಕೆ ಮಾಡಲು ಬಂದೆ ಎಂದಳು.

ಆಮೇಲಿನ ವಾರಗಳಲ್ಲಿ ಆ ಮನೆಯ ಅಡಿಗೆ ಕೆಟ್ಟಿತು. ಮೊಣಕಾಲು ನೋವಿನ ಚಂದ್ರವ್ವ ಬೆಳಿಗ್ಗೆಯೇ ಎರಡೂ ಹೊತ್ತಿನ ರೊಟ್ಟಿ ಬಡಿದಿಡುತ್ತಿದ್ದಳು; ಸಂಜೆಗೆ ಅವು ಕಟಕಟ ಎನ್ನುತ್ತಿದ್ದವು. ಗುರುಪುತ್ರಪ್ಪ ಅಪ್ಪನ ಜೊತೆ ಲಗ್ನಪತ್ರಿಕೆಯ ಮೊಳೆ ಜೋಡಿಸುತ್ತ ಕೂತ. ಒಂದು ದಿನ ವರನ ಹೆಸರಿನ ಜಾಗದಲ್ಲಿ ವಧುವಿನ ತಂದೆಯ ಹೆಸರು ಹಾಕಿ, ಅಚ್ಚಾದ ಕಾರ್ಡೆಲ್ಲ ಹಾಳಾದವು. ದುಂಡಪ್ಪ ಬೈಯಲಿಲ್ಲ. ಹಾಳಾದ ಕಾರ್ಡುಗಳನ್ನು ತಾನೇ ಮೂಲೆಗೆ ಹಾಕಿ, ಮತ್ತೆ ಮೊಳೆ ಜೋಡಿಸಿದ. ಬೇಕಾದಂತೆಯೇ ಮಗ ಮಶೀನಿನ ಪಕ್ಕಕ್ಕೆ ಮರಳಿ ಬಂದಿದ್ದ. ಆದರೆ ದುಂಡಪ್ಪನಿಗೆ ಊಟ ಸೇರುತ್ತಿರಲಿಲ್ಲ. ಸೋಮವಾರ ಮಠಕ್ಕೂ ಹೋಗಲಿಲ್ಲ.

“ಮೈಯಾಗ ಆರಾಮಿಲ್ಲೇನ್ರಿ?” ಚಂದ್ರವ್ವ ಕೇಳಿದಳು.

“ಬ್ಯಾಸಗಿ,” ಎಂದ ದುಂಡಪ್ಪ.

ಅದೇ ವಾರ ಚಂದ್ರವ್ವ ಜೋಳ ಬೀಸಿಸಲು ಗಿರಣಿಗೆ ಹೋದಳು. ಸಾಲಿನಲ್ಲಿ ಚನ್ನಬಸಯ್ಯನ ಹೆಂಡತಿ ಸಂಗವ್ವ ನಿಂತಿದ್ದಳು. ಚಂದ್ರವ್ವ ಮುಖ ತಿರುವಿಕೊಂಡಳು.

“ಯಾಕ ಚಂದ್ರಕ್ಕ, ಮಾತಾಡೂದಿಲ್ಲೇನು?”

ಗಿರಣಿಯ ಸದ್ದಿನಲ್ಲಿ ಕೇಳಿಸದವಳಂತೆ ಚಂದ್ರವ್ವ ಡಬ್ಬಿ ಮುಂದೆ ಸರಿಸಿದಳು. ಸಂಗವ್ವ ಹತ್ತಿರ ಬಂದು ದನಿ ಏರಿಸಿದಳು. “ಪುಸ್ತಕದ ಸಿಟ್ಟೇನು? ನಮ್ಮ ಮ್ಯಾಲ ಸಿಟ್ಟ ಮಾಡಿದ್ರ ಏನ ಬಂತು? ನಿಮ್ಮ ಯಜಮಾನ್ರ ತಂದ ಕೊಟ್ಟದ್ದು!”

“ಏನಂದಿ?”

“ನಿಮ್ಮ ದುಂಡಪ್ಪಣ್ಣಾರ! ಹಾಳಿಯೆಲ್ಲಾ ಒಂದ ಧೋತರದ ಅರಬಿಯಾಗ ಸುತಗೊಂಡು ಬಂದಿದ್ರು! ನಾನ ಚಹಾ ಮಾಡಿ ಕೊಟ್ಟೇನಿ!”

ಗಿರಣಿಯವನೂ ತಿರುಗಿ ನೋಡಿದ.  ಸಂಗವ್ವ ಜಗಳಗಂಟಿಯಾಗಿರಬಹುದು, ಆದರೆ ಸುಳ್ಳು ಹೇಳುವವಳಲ್ಲ ಎಂಬುದು ಚಂದ್ರವ್ವನಿಗೆ ಗೊತ್ತಿತ್ತು. ಹಿಟ್ಟು ಬಿಸಿಯಾಗಿಯೇ ಇತ್ತು. ಡಬ್ಬಿಯನ್ನು ಟೊಂಕದ ಮೇಲಿಟ್ಟುಕೊಂಡು ಮನೆಗೆ ನಡೆದಳು.

ಮಧ್ಯಾಹ್ನ ಮಗ ಗಿರಾಕಿಗೆ ಕಾರ್ಡು ಕೊಡಲು ಹೋಗಿದ್ದ. ಗಂಡನಿಗೆ ಬಡಿಸಿ ಎದುರಿಗೆ ಕೂತಳು.

“ಕಾಂತಾನ್ನ ಕರಕೊಂಡ ಬರೂಣೇನ್ರಿ?”

“ಇರಲಿ ಬಿಡು ಸ್ವಲ್ಪ ದಿನ.”

“ಯಾಕ ಇರಬೇಕು?”

“ಸಿಟ್ಟ ಇಳೀಲಿ.”

“ಯಾರದು? ಆಕೀದೋ, ನಿಮ್ಮದೋ?” ಚಂದ್ರವ್ವ ಸೌಟನ್ನು ಪಾತ್ರೆಯೊಳಗಿಟ್ಟಳು. “ಚನ್ನಬಸಯ್ಯನ ಮನ್ಯಾಗ ಚಹಾ ಹೆಂಗಿತ್ರಿ?”

ದುಂಡಪ್ಪ ತಾಟು ಬದಿಗೆ ಸರಿಸಿದ. ಅವನು ಅಲ್ಲಗಳೆಯಲಿಲ್ಲ. ಅಷ್ಟರಲ್ಲೇ ಚಂದ್ರವ್ವನಿಗೆ ಎಲ್ಲವೂ ತಿಳಿಯಿತು. ಬೈಯಬೇಕೆಂದು ಬಾಯಿ ತೆರೆದವಳಿಗೆ, ನೆಲದ ಮೇಲೆ ಹರಡಿದ್ದ ಸೊಸೆಯ ಸೀರೆಗಳ ನೆನಪಾಗಿ ನಾಲಿಗೆ ಏಳಲಿಲ್ಲ. ಕೊಟ್ಟವನು ಗಂಡನಾದರೂ ಟ್ರಂಕು ತೆರೆದವಳು ತಾನು.

ಮರುದಿನ ಮುಂಜಾನೆ, ಎಲ್ಲಿಗೆ ಎಂದು ಮಗ ಕೇಳಿದರೆ “ಬೀಗರ ಮನಿಗೆ” ಎಂದಷ್ಟೇ ಹೇಳಿ, ಅವಳು ಖಾನಾಪುರದ ಬಸ್ಸು ಹತ್ತಿದಳು.

ಕಾಂತಾಳ ತವರು ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿತ್ತು. ಕಾಂತಾ ಅಂಗಳದಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದಳು. ಅತ್ತೆಯನ್ನು ಕಂಡು ಎದ್ದು ನಿಂತು, ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿದಳು. ಒಳಗೆ ಕೆಮ್ಮುತ್ತ ಮಲಗಿದ್ದ ಅಪ್ಪನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು.

“ಮತ್ತೇನ ಹುಡಕಾಕ ಬಂದೀರಿ ಅತ್ತಿ? ಟ್ರಂಕ ಒಳಗ ಐತಿ. ತರಲೇನು?”

“ಬ್ಯಾಡವ್ವ. ನಂದ ತಪ್ಪಾತು.”

“ಈಗ ಹೆಂಗ ತಪ್ಪಾತು? ಯಾರ ಏನ ಹೇಳಿದ್ರು?” ಕಾಂತಾಳ ದನಿಯಲ್ಲಿ ಸಂಶಯ ಹಾಗೇ ಇತ್ತು. “ರೊಟ್ಟಿ ಬಡಿಯಾಕ ಕೈ ಸಾಲಲಿಲ್ಲೇನು?”

ಚಂದ್ರವ್ವ ಗಿರಣಿಯಲ್ಲಿ ಕೇಳಿದ್ದನ್ನು ಹೇಳಿದಳು. ಗಂಡ ಸುಮ್ಮನಾದದ್ದನ್ನೂ ಹೇಳಿದಳು. ಕಾಂತಾ ಈಳಿಗೆಮಣೆಯ ಮುಂದೆ ಮತ್ತೆ ಕೂತಳು, ಆದರೆ ಕಾಯಿ ಹೆಚ್ಚಲಿಲ್ಲ.

“ಮಾವಾರೇನು?” ಎಂದಳು. ಈಳಿಗೆಮಣೆಯನ್ನು ಬದಿಗೆ ಸರಿಸಿ, “ನಾ ಹೋಗೂ ದಿನ ಪಡಸಾಲ್ಯಾಗ ಕುಂತಿದ್ರು. ಅವರ ಮುಂದ ಟ್ರಂಕ ಹೊತಗೊಂಡ ಹೋದೆ,” ಎಂದಳು.

“ನಡಿ ಯವ್ವಾ, ಮನಿಗೆ ಹೋಗೂಣು.”

“ನೀವು ಹೇಳಿದ್ರ ಬರೂದಿಲ್ಲ ಅತ್ತಿ, ಸಿಟ್ಟಾಗಬ್ಯಾಡ್ರಿ. ಮಾವಾರು ನನ್ನ ಮುಂದ, ನಿಮ್ಮ ಮಗನ ಮುಂದ ಬಾಯಿಬಿಟ್ಟು ಹೇಳಬೇಕು. ಹೇಳ್ತಾರಂದ್ರ ಬರ್ತೇನಿ. ಇಲ್ಲಂದ್ರ ಇಲ್ಲೇ ಸಾಲೀ ಹುಡುಗೂರಿಗೆ ಅಕ್ಷರ ಕಲಸಗೋಂತ ಇರ್ತೇನಿ.”

“ಹೇಳಸ್ತೇನಿ. ಹೇಳ್ಲಿಲ್ಲಂದ್ರ ನಾನೂ ನಿನ್ನ ಜೋಡಿ ಇಲ್ಲೇ ಬಂದಬಿಡ್ತೇನಿ.”

ಕಾಂತಾಳಿಗೆ ನಗು ಬಂತು. ನಗುತ್ತಲೇ ಅತ್ತಳು.

ಅತ್ತೆ ಸೊಸೆ ಬೆಳಗಾವಿಗೆ ಬಂದಾಗ ಗುರುಪುತ್ರಪ್ಪ ಬಾಗಿಲಲ್ಲಿದ್ದ. ಟ್ರಂಕಿಗೆ ಕೈ ಚಾಚಿದ. ಕಾಂತಾ ಕೊಡಲಿಲ್ಲ.

“ನಾ ಇನ್ನೂ ಇರಾಕ ಬಂದಿಲ್ರಿ. ಕೇಳಾಕ ಬಂದೇನಿ.”

ಎಲ್ಲರೂ ಊಟಕ್ಕೆ ಕುಳಿತರು. ಆ ದಿನ ಕಾಂತಾ ಬಡಿಸಲು ಏಳಲಿಲ್ಲ. ಮಾವನ ಎದುರಿಗೇ ತಾಟು ಹಾಕಿಕೊಂಡು ಕೂತಳು. ಚಂದ್ರವ್ವ ಬಡಿಸಿದಳು.

“ಹೇಳ್ರಿ,” ಎಂದಳು ಗಂಡನಿಗೆ.

ದುಂಡಪ್ಪ ಒಂದು ಗುಟುಕು ನೀರು ಕುಡಿದ. “ಗುರು, ನಿನ್ನ ಹಾಳಿ ಒಯ್ದಾಂವ ನಾನು.”

ಗುರುಪುತ್ರಪ್ಪ ಅವ್ವನನ್ನೂ ಹೆಂಡತಿಯನ್ನೂ ನೋಡಿದ. ಯಾರೂ ಬೆಚ್ಚಲಿಲ್ಲ. ತನಗೊಬ್ಬನಿಗೇ ಗೊತ್ತಿರಲಿಲ್ಲ ಎಂಬುದು ಆಗ ತಿಳಿಯಿತು.

“ಯಾಕಪ್ಪಾ?”

“ಹುಡುಗಗ ತಲಿ ಕೆಟ್ಟೈತೇನ ನೋಡು ಅಂತ ಚನ್ಯಾಗ ತೋರಸಾಕ ಒಯ್ದಿದ್ದೆ. ಅಂವ ಪೂರಾ ಓದಿದ. ಛಲೋ ಐತಲ್ಲೋ, ಇದನ್ನ ನಾ ಹಾಕಲೇನು ಅಂದ.”

“ನೀ ಏನಂದಿ?”

“ನಿನ್ನ ಮರ್ಜಿ ಅಂದೆ. ಅಂವ ಕಥಿ, ಮಾತು ಎಲ್ಲಾ ಬರಕೊಂಡ. ಹಾಳಿ ನಾ ಅವತ್ತ ತಿರುಗಿ ತಂದಿಟ್ಟೆ.”

“ಅಪ್ಪಾ!”

“ಛಲೋ ಐತಿ ಅಂದದ್ದು ಕೇಳಿ ಅಂಜಿಕಿ ಬಂತು. ಕೆಟ್ಟೈತಿ ಅಂದಿದ್ರ ಹಾಳಿ ತಂದು ನಿನ್ನ ಮುಂದ ಇಟ್ಟಬಿಡ್ತಿದ್ದೆ. ಛಲೋ ಐತಿ, ನೀ ಹೋಗ್ತಿ, ಮಶೀನ ಗುಜರಿಗೆ ಹೋಗ್ತೈತಿ, ನಾ ಒಬ್ಬನ ಬಾಗಲದಾಗ ಕುಂದರ್ತೇನಿ ಅನ್ನಿಸ್ತು. ಒಮ್ಮಿ ಬಿದ್ರ ತಿರುಗಿ ಬರ್ತಿ ಅಂತ ತಿಳದೆ.” ಅವನು ಕಾಂತಾಳ ಕಡೆ ನೋಡಿದ. “ಈಕಿ ತಲಿ ಮ್ಯಾಲ ಬರ್ತೈತಿ ಅಂತ ತಿಳದಿದ್ದಿಲ್ಲ.”

“ಬಂದಮ್ಯಾಲ ತಿಳೀತಲ್ರಿ ಮಾವಾರ,” ಎಂದಳು ಕಾಂತಾ. “ಹಾಳಿ ಕೊಟ್ಟದ್ದಕ್ಕ ನನಗ ಅಷ್ಟ ಸಿಟ್ಟಿಲ್ಲ. ಅದು ನಿಮ್ಮ ಮಗಂದು, ನಿಮ್ಮದು, ನೀವು ನೋಡಕೋರಿ. ಅತ್ತಿ ನನ್ನ ಟ್ರಂಕ ತಗದಾಗ ನೀವು ಹೊರಗ ಕುಂತಿದ್ರಿ. ಒಂದ ಮಾತು ಅಂದಿದ್ರ ಆಗತಿತ್ತು. ಮನ್ಯಾಗಿನವ್ರ ಒಯ್ದಿರಬೇಕು ಅಂದ್ರಿ. ಆ ಮಾತು ನಿಮಗ ಹೆಂಗ ಬಂತ್ರಿ ಬಾಯಾಗ?”

ದುಂಡಪ್ಪನ ಗಡ್ಡದ ಮೇಲೆ ಕಣ್ಣೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಕಾಂತಾ ಗಂಡನ ಕಡೆ ತಿರುಗಿದಳು.

“ಇನ್ನ ನೀವು. ಮಾಸ್ತರನ ಮಾರಿ ನೋಡಿ ನಂಬಿದ್ರಿ. ನನ್ನ ಮಾರಿ ಕಾಣಲಿಲ್ಲೇನು?”

“ತಪ್ಪಾತು,” ಎಂದ ಗುರುಪುತ್ರಪ್ಪ. 

“ಆತು. ಪುಸ್ತಕ ತಗೀರಿ ಮೊದಲು. ಆ ಇಟ್ಟಂಗ್ಯಾಗ ಅಂಜಿ ಕುಂದರೂದು ಬ್ಯಾಡ.”

ಬಿಂದುಮಾಧವನನ್ನು ಮತ್ತೆ ಕರೆಸಿದರು. ಗೂಡ್ಸ್ ಡಬ್ಬಿಯ ಪ್ರಸಂಗವನ್ನು ತೆಗೆದುಹಾಕುವುದೋ ಬೇಡವೋ ಎಂದು ದಿನವಿಡೀ ವಾದವಾಯಿತು. ತೆಗೆಯಬಾರದು ಎಂದು ಕಾಂತಾ ಹಟ ಹಿಡಿದಳು. “ನಮ್ಮದನ್ನ ನಾವ್ಯಾಕ ತಗೀಬೇಕು?” ಎಂದಳು. ಅವಳ ಮಾತೇ ಉಳಿಯಿತು. ಹಾಳೆಗಳು ಕೊಲ್ಹಾಪುರಕ್ಕೆ ಹೋಗಿ, ಬಸವ ಜಯಂತಿಯ ಹೊತ್ತಿಗೆ ಪುಸ್ತಕವಾಗಿ ಬಂದವು. ಮುಖಪುಟದ ಮೇಲೆ ಕೆಮ್ಮಣ್ಣ ಭಟ್ಟಿಯ ಬಾಯಿಂದ ಹೊರಗೆ ಕಾಲಿಡುತ್ತಿದ್ದ. ಕೆಳಗೆ ಕಥೆ, ಚಿತ್ರ, ಅಕ್ಷರ ಎಂದು ಮೂವರ ಹೆಸರು. ಕಾಂತಾಳ ಹೆಸರು ಅಚ್ಚಾದದ್ದು ತನ್ನ ಲಗ್ನಪತ್ರಿಕೆಯ ಮೇಲೆ ಬಿಟ್ಟರೆ ಅದೇ ಮೊದಲು.

ಮೊದಲ ಸಂಚಿಕೆಯನ್ನು ಖಾನಾಪುರದಲ್ಲೇ ಬಿಡುಗಡೆ ಮಾಡುವುದು ಎಂದು ಬಿಂದುಮಾಧವ ಹೇಳಿದ್ದ. ಬಸ್ ನಿಲ್ದಾಣದ ಎದುರಿನ ಲಕ್ಷ್ಮಪ್ಪನ ಪುಸ್ತಕದಂಗಡಿಯ ಮುಂದೆ ಮಾವಿನ ತೋರಣ ಕಟ್ಟಿ, ಒಂದು ಮೇಜು ಹಾಕಿದರು. ಹೈಸ್ಕೂಲಿನ ಹುಡುಗರು, ಹಂಚಿನ ಕಾರ್ಖಾನೆಯ ಕೆಲವರು, ಬಸ್ಸಿಗೆ ಕಾಯುವವರು ಸೇರಿದರು. ಕಾಂತಾಳ ಅಪ್ಪ ಕೈಕೋಲು ಹಿಡಿದು ಬಂದಿದ್ದ. ಚಂದ್ರವ್ವನ ಮಾತಿಗೆ ಕಟ್ಟುಬಿದ್ದು ಬಂದಿದ್ದ ದುಂಡಪ್ಪ ದೂರದಲ್ಲಿ, ಸೋಡಾ ಅಂಗಡಿಯ ನೆರಳಿಗೆ ನಿಂತಿದ್ದ.

ತೆಂಗಿನಕಾಯಿ ಒಡೆಯುವ ಮೊದಲೇ ಲಕ್ಷ್ಮಪ್ಪ ಪುಸ್ತಕ ತಿರುವಿ ನೋಡಿ ಮುಖ ಗಂಟಿಕ್ಕಿದ.

“ಮಾಸ್ತರ, ಇಂಥಾದ್ದ ಆಗಲೇ ಬಂದೈತಲ್ರಿ. ಕಾಪಿ ಒಂದು ಬರ್ತೈತಿ, ಇಡಬ್ಯಾಡ್ರಿ ಅಂತ ಚನ್ನಬಸಯ್ಯನವರು ಅಂಗಡಿ ಅಂಗಡಿಗೆ ಹೇಳಿ ಕಳಸ್ಯಾರ.”

“ಕಾಪಿ ಇದಲ್ಲ, ಅದು,” ಎಂದ ಗುರುಪುತ್ರಪ್ಪ.

“ಹಂಗ ಎಲ್ಲಾರೂ ಅಂತಾರ. ಮೊದಲ ಬಂದದ್ದು ಅವರದು.”

ಜನರಲ್ಲಿ ಪಿಸುಮಾತು ಎದ್ದಿತು. “ಕದ್ದದ್ದಂತ,” ಎಂದ ಒಬ್ಬ. “ಈ ಹುಡುಗೀ ಅಣ್ಣ ಅಲ್ಲೇ ಕೆಲಸಾ ಮಾಡ್ತಾನಲ್ಲ, ಅಲ್ಲಿಂದ ತಂದಿರಬೇಕು,” ಎಂದ ಮತ್ತೊಬ್ಬ. ಕಾಂತಾಳ ಅಪ್ಪ ಮಗಳ ಮುಖ ನೋಡಿದ. ಬೆಳಗಾವಿಯಲ್ಲಿ ಮುಗಿಯಿತು ಎಂದುಕೊಂಡಿದ್ದ ಮಾತು ಈಗ ತನ್ನೂರಿನ ನಡುಬೀದಿಯಲ್ಲಿ ತಿರುಗಿ ಎದ್ದಿತ್ತು. ಕಾಂತಾ ಮೇಜಿನ ಅಂಚು ಹಿಡಿದು ನಿಂತಳು. ಈ ಸಲ ಮಾವನ ಕಡೆ ನೋಡಲೇ ಇಲ್ಲ.

ದುಂಡಪ್ಪ ಸೋಡಾ ಅಂಗಡಿಯಿಂದ ಹೊರಟ. ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಬಂದು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

“ಲಕ್ಷ್ಮಪ್ಪಾ, ನನ್ನ ಗುರ್ತ ಐತಿಲ್ಲೋ?”

“ಐತ್ರಿ ದುಂಡಪ್ಪನವರ. ನನ್ನ ಲಗ್ನದ ಕಾರ್ಡ ಹಾಕಿದವ್ರ ನೀವಲ್ರಿ.”

“ಹಂಗಾರ ಕೇಳು. ಎಲ್ಲಾರೂ ಕೇಳ್ರಿ. ಈ ಕಥಿ ನನ್ನ ಮಗಂದು. ಇದನ್ನ ಕದ್ದಾಂವ ನಾನು. ಮನ್ಯಾಗಿಂದ ಅರಬಿಯಾಗ ಸುತ್ತಿ ಒಯ್ದು ಚನ್ನಬಸಯ್ಯನ ಕೈಯಾಗ ಕೊಟ್ಟಾಂವ ನಾನು. ಮಗ ಮನಿ ಬಿಟ್ಟ ಹೋದಾನು ಅನ್ನೂ ಅಂಜಿಕಿಗೆ ಕೊಟ್ಟೆ. ಸೊಸಿ ಮ್ಯಾಲ ಕಳವು ಬಂತು, ಆಕೀ ಅಣ್ಣನ ಮ್ಯಾಲ ಬಂತು. ಗೊತ್ತಿದ್ದೂ ಬಾಯಿ ಮುಚಗೊಂಡ ಕುಂತೆ. ಈಗ ಯಾರಿಗೆ ಏನ ಅನ್ನೂದೈತಿ, ನನಗ ಅನ್ರಿ.”

 ಊರ ತುಂಬ ಕಾರ್ಡು ಹಾಕಿ, ‘ತಮ್ಮ ಆಗಮನಾಭಿಲಾಷಿಗಳು’ ಎಂದು ಮಂದಿಯ ಹೆಸರು ಜೋಡಿಸುತ್ತ ಬದುಕಿದ ಮನುಷ್ಯ ಬಿಸಿಲಿನಲ್ಲಿ ಬರಿತಲೆಯಲ್ಲಿ ನಿಂತಿದ್ದ. ಗುರುಪುತ್ರಪ್ಪ “ಸಾಕಪ್ಪಾ” ಎಂದು ತೋಳು ಹಿಡಿದ. ದುಂಡಪ್ಪ ಕೊಸರಿಕೊಳ್ಳಲಿಲ್ಲ, ಅಲ್ಲಿಂದ ಕದಲಲೂ ಇಲ್ಲ.

ಮೊದಲು ಮುಂದೆ ಬಂದವನು ಕಾಂತಾಳ ಅಪ್ಪ. ಬೀಗನನ್ನು ಅವನು ಮಾತಾಡಿಸಲಿಲ್ಲ. ಮಗಳ ಬಳಿಗೆ ಬಂದು, “ಇದನ್ನ ನನಗ ಹೇಳ್ಲಿಲ್ಲಲ್ಲವ್ವ ನೀ,” ಎಂದ. ಆಮೇಲೆ ಲಕ್ಷ್ಮಪ್ಪನಿಗೆ, “ಒಂದು ಕೊಡಪಾ. ನಮ್ಮ ಭಟ್ಟೀ ಚಿತ್ರ ಹೆಂಗ ತಗದಾರ ನೋಡೂಣು,” ಎಂದ.

ಲಕ್ಷ್ಮಪ್ಪ ಅಂಗಡಿಯ ಮುಂದಿನ ಹುರಿಯಲ್ಲಿ ತೂಗುತ್ತಿದ್ದ ಇಟ್ಟಂಗಿವೀರನನ್ನು ತೆಗೆಯಲಿಲ್ಲ, ವ್ಯಾಪಾರಸ್ಥ ಅವನು. ಆದರೆ ಪಕ್ಕದಲ್ಲಿ ಜಾಗ ಮಾಡಿ ಕೆಮ್ಮಣ್ಣನನ್ನೂ ತೂಗುಹಾಕಿದ. ಬಿಂದುಮಾಧವ ಕಾಯಿ ಒಡೆದ. ಹುಡುಗರು ನುಗ್ಗಿದರು.

ಆ ಬೇಸಿಗೆಯಲ್ಲಿ ಬೆಳಗಾವಿಯ ಕೆಲವು ಅಂಗಡಿಗಳು ಪುಸ್ತಕ ಇಟ್ಟವು, ಕೆಲವು ಇಡಲೇ ಇಲ್ಲ. ಚನ್ನಬಸಯ್ಯ ಒಂದು ಮಾತನ್ನೂ ಆಡಲಿಲ್ಲ. ಇಟ್ಟಂಗಿವೀರನ ಎರಡನೆಯ ಸಂಚಿಕೆ ಹೊರಟಿತು, ಮರಾಠಿಯಲ್ಲೂ ಬಂತು. ಕೆಮ್ಮಣ್ಣ ನಿಧಾನವಾಗಿ ಓಡಿದ. ಖಾನಾಪುರ, ಗುಂಜಿಯ ಕಡೆಯ ಹುಡುಗರು ಮಾತ್ರ ಅವನನ್ನು ಬಿಡಲಿಲ್ಲ. ಮೈಲಾರಲಿಂಗ ಚನ್ನಬಸಯ್ಯನ ಕೆಲಸ ಬಿಟ್ಟು ಭಾವನ ಜೊತೆ ಸೇರಿಕೊಂಡ. ಟ್ರೆಡಲ್ ಮಶೀನು ಹೋಗಲಿಲ್ಲ. ಲಗ್ನದ ಕಾರ್ಡು ಮೊದಲಿನಂತೆಯೇ ಅಚ್ಚಾದವು. ದುಂಡಪ್ಪ ಮಾತ್ರ ಸೋಮವಾರ ಮಠಕ್ಕೆ ಒಬ್ಬನೇ ಹೋಗಿ ಬರತೊಡಗಿದ.

ಜೂನ್‌ನಲ್ಲಿ ಮಿರ್ಗದ ಮಳೆ ಶುರುವಾದ ವಾರ, ಪಡಸಾಲೆಯಲ್ಲಿ ಎರಡನೆಯ ಸಂಚಿಕೆಯ ಹಾಳೆಗಳು ಹರಡಿದ್ದವು. ದುಂಡಪ್ಪ ಒಳಗೆ ಬರುತ್ತಲೇ ಕಾಂತಾ ಹಾಳೆಗಳನ್ನು ಕೂಡಿಸಿ, ಕಪಾಟಿನಲ್ಲಿಟ್ಟು, ಕೀಲಿ ಹಾಕಿ, ಕೀಲಿಕೈಯನ್ನು ಟೊಂಕಕ್ಕೆ ಸಿಕ್ಕಿಸಿಕೊಂಡಳು. ಅದನ್ನು ಅವಳು ಮರೆಯಾಗಿ ಮಾಡಲಿಲ್ಲ. ಚಂದ್ರವ್ವ ನೋಡಿ, ಒಲೆಯ ಕಡೆ ತಿರುಗಿದಳು.

ದುಂಡಪ್ಪ ಕಾಲು ತೊಳೆದು ಬಂದು ಊಟಕ್ಕೆ ಕೂತ. ಕಾಂತಾ ಬಿಸಿ ರೊಟ್ಟಿ ಹಾಕಿ, ಬೆಣ್ಣೆ ಇಟ್ಟಳು.

“ಕಾಂತವ್ವ,” ಎಂದ ಅವನು ಅಂಜುತ್ತ ಅಂಜುತ್ತ. “ಈ ಸಲ ಏನ ಮಾಡ್ತಾನ ನಿಮ್ಮ ಕೆಮ್ಮಣ್ಣ?”

“ಪುಸ್ತಕ ಬಂದಮ್ಯಾಲ ಓದ್ರಿ ಮಾವಾರ,” ಎಂದಳು ಕಾಂತಾ. “ರೊಟ್ಟಿ ಆರ್ತೈತಿ, ಉಣ್ರಿ.”

“ಆತವ್ವ,” ಎಂದು ದುಂಡಪ್ಪ ರೊಟ್ಟಿ ಮುರಿದ.